ಕಾನೂನು ವ್ಯಾಸಂಗಕ್ಕೆ ಪದವಿ ವಿದ್ಯಾರ್ಥಿಯ ಪೂರ್ವಸಿದ್ಧತೆ

ಪದವಿ ಪರೀಕ್ಷೆಯ ಫಲಿತಾಂಶ ಪ್ರಕಟವಾದ ಕೆಲವೇ ದಿನಗಳಲ್ಲಿ ಕಾನೂನು ಮಹಾವಿದ್ಯಾಲಯಗಳ ಕಚೇರಿಯ ಮುಂದೆ ತರುಣ ತರುಣಿಯರ ಸಾಲು ಬೆಳೆಯುವುದುಂಟು. ಅವರಲ್ಲಿ ಕೆಲವರು ಬಹುಕಾಲದಿಂದ ಈ ವಿದ್ಯೆಯನ್ನು ಬಯಸಿ ಬಂದವರು. ಮತ್ತೆ ಕೆಲವರು ಬೇರೆ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ, 'ಏನೂ ಸಿಗದಿದ್ದರೆ ವಕೀಲಿಯಾದರೂ ಓದಿದರಾಯಿತು' ಎಂದು ಬಂದವರು. ಇಬ್ಬರ ಕೈಯಲ್ಲಿರುವ ಅರ್ಜಿಯೂ ಒಂದೇ, ತೆರುವ ಶುಲ್ಕವೂ ಒಂದೇ. ಆದರೆ ಮೂರು ವರ್ಷಗಳ ತರುವಾಯ ಇಬ್ಬರೂ ಒಂದೇ ಸ್ಥಾನದಲ್ಲಿ ನಿಲ್ಲುವುದಿಲ್ಲ. ಮೊದಲನೆಯವನು ಸಿದ್ಧನಾಗಿ ಬಂದಿರುತ್ತಾನೆ. ಎರಡನೆಯವನು ಸಿದ್ಧತೆಯೆಂದರೆ ಅರ್ಜಿ ತುಂಬುವುದೇ ಎಂದು ಭಾವಿಸಿರುತ್ತಾನೆ.

ಈ ವ್ಯತ್ಯಾಸದ ಫಲವನ್ನು ಉಣ್ಣುವವನು ವಿದ್ಯಾರ್ಥಿಯೊಬ್ಬನೇ ಅಲ್ಲ. ಯಾವುದೇ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಬೆಳಗಿನ ಹೊತ್ತು ನಿಂತು ನೋಡಿದರೆ ಇದು ಮನದಟ್ಟಾಗುತ್ತದೆ. ಹಳ್ಳಿಯ ರೈತನೊಬ್ಬನು ಜಮೀನಿನ ಉತಾರ, ಹಳೆಯ ಖರೀದಿಪತ್ರ, ವಾಟ್ನಿಪತ್ರಗಳನ್ನು ವಸ್ತ್ರದಲ್ಲಿ ಕಟ್ಟಿ ತಂದು ವಕೀಲರ ಮುಂದೆ ಬಿಚ್ಚಿಡುತ್ತಾನೆ. ಆ ಕಾಗದಗಳಲ್ಲಿ ಏನಿದೆಯೆಂಬುದು ಅವನಿಗೆ ಪೂರ್ಣವಾಗಿ ತಿಳಿಯದು. ಆದರೆ ತನ್ನ ಮೂರೆಕರೆ ಹೊಲವು ಅವುಗಳಲ್ಲಿಯೇ ಇದೆಯೆಂಬುದು ಚೆನ್ನಾಗಿ ತಿಳಿದಿದೆ. ಸಮನ್ಸು ತಲುಪಿದ ಪ್ರತಿವಾದಿಯು ಸಾಮಾನ್ಯವಾಗಿ 30 ದಿನಗಳಲ್ಲಿ, ನ್ಯಾಯಾಲಯವು ಸಕಾರಣವಾಗಿ ಅವಕಾಶವಿತ್ತರೆ 90 ದಿನಗಳೊಳಗೆ ತನ್ನ ಲಿಖಿತ ಹೇಳಿಕೆಯನ್ನು ಸಲ್ಲಿಸಬೇಕು. ಸಿವಿಲ್ ದಾವೆಯ ತೀರ್ಪಿನ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಅಪೀಲು ಹೋಗಲು 30 ದಿನಗಳ, ಉಚ್ಚ ನ್ಯಾಯಾಲಯಕ್ಕೆ ಹೋಗಲು 90 ದಿನಗಳ ಕಾಲಮಿತಿಯುಂಟು. ಈ ದಿನಗಳ ಲೆಕ್ಕವನ್ನು ಮರೆತವನು ವಕೀಲನಾದರೂ, ಹೊಲವನ್ನು ಕಳೆದುಕೊಳ್ಳುವವನು ರೈತ. ವೈದ್ಯನ ಅರೆವಿದ್ಯೆಯಿಂದ ರೋಗಿಯು ಕೆಡುವಂತೆ ವಕೀಲನ ಅರೆವಿದ್ಯೆಯಿಂದ ಕಕ್ಷಿದಾರನ ಮನೆತನವೇ ಕೆಡಬಹುದು.

ಆದ್ದರಿಂದ ಕಾನೂನು ವ್ಯಾಸಂಗದ ಸಿದ್ಧತೆಯು ಅರ್ಜಿಯ ದಿನದಂದು ಆರಂಭವಾಗತಕ್ಕದ್ದಲ್ಲ. ಪದವಿ ತರಗತಿಯ ಮೊದಲನೆಯ ವರ್ಷದಿಂದಲೇ ಆರಂಭವಾಗತಕ್ಕದ್ದು. ಆ ಸಿದ್ಧತೆಯ ತಿರುಳು ಕಾನೂನಿನ ಕಲಮುಗಳನ್ನು ಬಾಯಿಪಾಠ ಮಾಡುವುದಲ್ಲ. ನಿಧಾನವಾಗಿ ಓದುವುದು, ನಿಖರವಾಗಿ ಬರೆಯುವುದು, ತಾಳ್ಮೆಯಿಂದ ಕೇಳುವುದು, ಈ ಮೂರು ಅಭ್ಯಾಸಗಳೇ ಅದರ ತಿರುಳು.

ಹಿಂದಿನ ಕಾಲದ ದಾರಿ

ಒಂದು ಕಾಲಕ್ಕೆ ಕನ್ನಡನಾಡಿನ ಉತ್ತರಭಾಗದ ತರುಣನಿಗೆ ಕಾನೂನು ಓದಬೇಕೆಂದರೆ ನಾಡನ್ನೇ ಬಿಟ್ಟು ಹೋಗಬೇಕಾಗಿತ್ತು. ಜಮಖಂಡಿ ಸೀಮೆಯ ಬಿ. ಡಿ. ಜತ್ತಿಯವರು ಕೊಲ್ಹಾಪುರದಲ್ಲಿ ಕಾನೂನು ಓದಿ, ಮರಳಿ ಜಮಖಂಡಿಯಲ್ಲಿಯೇ ವಕೀಲಿ ಆರಂಭಿಸಿದರು. ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳೂ ದೇಶದ ಉಪರಾಷ್ಟ್ರಪತಿಗಳೂ ಆದರು. ದಕ್ಷಿಣದವರಾದ ಎಸ್. ನಿಜಲಿಂಗಪ್ಪನವರು ಕೂಡ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಪುಣೆಗೆ ಹೋಗಿ 1926ರಲ್ಲಿ ಕಾನೂನು ಪದವಿಯನ್ನು ಗಳಿಸಿ, ಚಿತ್ರದುರ್ಗದಲ್ಲಿ ವಕೀಲರಾದರು. 1939ರಲ್ಲಿ ಬೆಳಗಾವಿಯಲ್ಲಿ ರಾಜಾ ಲಖಮಗೌಡ ಕಾನೂನು ಮಹಾವಿದ್ಯಾಲಯವು ಸ್ಥಾಪಿತವಾದ ಮೇಲೆ ಈ ಭಾಗದ ವಿದ್ಯಾರ್ಥಿಗಳ ಕಷ್ಟವು ಬಹಳಮಟ್ಟಿಗೆ ಕಡಿಮೆಯಾಯಿತು.

ಇಂದು ದಾರಿ ಹತ್ತಿರವಾಗಿದೆ. 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. ನಾಡಿನ ಬಹುತೇಕ ಕಾನೂನು ಮಹಾವಿದ್ಯಾಲಯಗಳು ಅದರ ಸಂಯೋಜನೆಗೆ ಒಳಪಟ್ಟಿವೆ. 2008ರಲ್ಲಿ ಧಾರವಾಡ ಹಾಗೂ ಕಲಬುರಗಿಗಳಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠಗಳು ಆರಂಭವಾಗಿ, 2013ರಲ್ಲಿ ಅವು ಖಾಯಂ ಪೀಠಗಳಾದವು. ದೂರದ ಅಡ್ಡಿಯು ಹೀಗೆ ಕಡಿಮೆಯಾದರೂ ಓದಿನ ಶ್ರಮವು ಕಡಿಮೆಯಾಗಿಲ್ಲ.

ಎರಡು ಬಾಗಿಲುಗಳು

ಕಾನೂನು ಪದವಿಗೆ ಈಗ ಎರಡು ಬಾಗಿಲುಗಳಿವೆ. ಪಿ.ಯು.ಸಿ. ಮುಗಿದೊಡನೆ ಸೇರಬಹುದಾದ ಐದು ವರ್ಷಗಳ ಸಂಯುಕ್ತ ಶಿಕ್ಷಣವು ಒಂದು. ಯಾವುದಾದರೊಂದು ಪದವಿಯನ್ನು ಪಡೆದ ಬಳಿಕ ಸೇರುವ ಮೂರು ವರ್ಷಗಳ ಎಲ್‌ಎಲ್.ಬಿ. ಇನ್ನೊಂದು. 1988ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು ಎನ್. ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ ತರಗತಿಗಳನ್ನು ಆರಂಭಿಸಿ ಐದು ವರ್ಷಗಳ ಶಿಕ್ಷಣಕ್ಕೆ ದೇಶದಲ್ಲಿ ಮಾದರಿಯನ್ನು ಹಾಕಿಕೊಟ್ಟಿತು. ಪದವಿ ತರಗತಿಯಲ್ಲಿರುವ ವಿದ್ಯಾರ್ಥಿಗೆ ಮೊದಲ ಬಾಗಿಲು ದಾಟಿಹೋಯಿತೆಂಬ ಚಿಂತೆ ಬೇಡ. ಎರಡೂ ಪದವಿಗಳು ವಕೀಲನಾಗಿ ನೋಂದಾಯಿಸಿಕೊಳ್ಳಲು ಸಮಾನ ಅರ್ಹತೆಯನ್ನೇ ಕೊಡುತ್ತವೆ.

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಂತೆ ಮೂರು ವರ್ಷಗಳ ತರಗತಿಗೆ ಸೇರಲು ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡಾ 45, ಹಿಂದುಳಿದ ವರ್ಗದವರಿಗೆ ಶೇಕಡಾ 42, ಪರಿಶಿಷ್ಟ ಜಾತಿ ಪಂಗಡಗಳವರಿಗೆ ಶೇಕಡಾ 40 ಅಂಕಗಳು ಕನಿಷ್ಠ ಮಿತಿಯಾಗಿವೆ. ಇದು ಬಾಗಿಲಿನ ಹೊಸ್ತಿಲು ಮಾತ್ರ; ಒಳಗೆ ಸ್ಥಾನ ದೊರೆಯುವುದೆಂಬ ಭರವಸೆಯಲ್ಲ. ನಾಡಿನ ಬಹುಪಾಲು ಮಹಾವಿದ್ಯಾಲಯಗಳಲ್ಲಿ ಮೂರು ವರ್ಷಗಳ ತರಗತಿಗೆ ಪದವಿಯ ಅಂಕಗಳೇ ಆಯ್ಕೆಯ ಆಧಾರವಾಗಿರುವುದರಿಂದ ಮೊದಲ ಸೆಮಿಸ್ಟರಿನ ಅಲಕ್ಷ್ಯವು ಕೊನೆಯ ಸೆಮಿಸ್ಟರಿನ ಪ್ರಯತ್ನದಿಂದ ಪೂರ್ಣವಾಗಿ ತುಂಬಿಬರುವುದಿಲ್ಲ.

ಇನ್ನೆರಡು ಎಚ್ಚರಿಕೆಗಳು ಅವಶ್ಯ. ಹತ್ತನೆಯ ತರಗತಿ ಹಾಗೂ ಪಿ.ಯು.ಸಿ.ಗಳನ್ನು ದಾಟದೆ ಮುಕ್ತ ವಿಶ್ವವಿದ್ಯಾಲಯದಿಂದ ನೇರವಾಗಿ ಪದವಿ ಪಡೆದವರಿಗೆ ಈ ನಿಯಮಗಳಂತೆ ಪ್ರವೇಶವಿಲ್ಲ. ಅಂತೆಯೇ ಅಂಚೆಯ ಮೂಲಕ ಪಡೆದ ಕಾನೂನು ಪದವಿಯು ವಕೀಲನಾಗಲು ಸಲ್ಲುವುದಿಲ್ಲ. ವಕೀಲರ ಪರಿಷತ್ತಿನ ಮಾನ್ಯತೆಯಿಲ್ಲದ ಸಂಸ್ಥೆಯಲ್ಲಿ ಹಣ ಕಟ್ಟಿ ವರ್ಷಗಳನ್ನು ಕಳೆದುಕೊಳ್ಳುವುದಕ್ಕಿಂತ ಮುಂಚೆಯೇ ಮಾನ್ಯತೆಯನ್ನು ವಿಚಾರಿಸಿಕೊಳ್ಳುವುದು ಲೇಸು.

ಯಾವ ಪದವಿ, ಯಾವ ವಿಷಯ?

'ಕಾನೂನಿಗೆ ಕಲಾ ವಿಭಾಗವೇ ಆಗಬೇಕಲ್ಲವೆ?' ಎಂಬ ಪ್ರಶ್ನೆಯು ಪಾಲಕರಿಂದ ಆಗಾಗ ಬರುತ್ತದೆ. ನಿಯಮವು ಹಾಗೆ ಹೇಳುವುದಿಲ್ಲ. ರಾಜ್ಯಶಾಸ್ತ್ರ ಓದಿದವನಿಗೆ ಸಂವಿಧಾನವು ಬೇಗ ಪರಿಚಿತವಾದೀತು. ವಾಣಿಜ್ಯ ಓದಿದವಳಿಗೆ ಕಂಪನಿ ಕಾನೂನೂ ತೆರಿಗೆಯ ಕಾನೂನೂ ಸುಲಭವಾದಾವು. ವಿಜ್ಞಾನ ಓದಿದವರು ವೈದ್ಯಕೀಯ ಸಾಕ್ಷ್ಯವನ್ನೂ ಪೇಟೆಂಟಿನ ವಿಷಯವನ್ನೂ ಉಳಿದವರಿಗಿಂತ ಚೆನ್ನಾಗಿ ಗ್ರಹಿಸಿಯಾರು. ನ್ಯಾಯಾಲಯದ ಮುಂದೆ ಬಾರದ ಮನುಷ್ಯ ವ್ಯವಹಾರವೇ ಇಲ್ಲವಾದ ಕಾರಣ, ಮನಸ್ಸಿಟ್ಟು ಓದಿದ ಯಾವ ವಿಷಯವೂ ವ್ಯರ್ಥವಾಗುವುದಿಲ್ಲ. ವಿದ್ಯಾರ್ಥಿಯು ತನಗೆ ಆಸಕ್ತಿಯುಳ್ಳ ವಿಷಯವನ್ನು ಆರಿಸಿ ಅದರಲ್ಲಿ ಆಳವಾಗಿ ಇಳಿಯುವುದೇ ಮೇಲು.

ಕಲಮನ್ನು ಓದುವ ಕ್ರಮ

ಕಾದಂಬರಿಯನ್ನು ಓದುವಂತೆ ಕಾಯಿದೆಯನ್ನು ಓದಲಾಗದು. ಕಾಯಿದೆಯಲ್ಲಿ ಒಂದೊಂದು ಪದಕ್ಕೂ ಕೆಲಸವಿದೆ. ಕಳ್ಳತನವೆಂಬ ಎಲ್ಲರಿಗೂ ತಿಳಿದ ಮಾತನ್ನೇ ತೆಗೆದುಕೊಳ್ಳಬಹುದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮು ಇದನ್ನು ವಿವರಿಸುತ್ತದೆ. ಅದನ್ನು ಬಿಡಿಸಿ ನೋಡಿದರೆ ಐದು ಅಂಶಗಳು ದೊರೆಯುತ್ತವೆ: ಅಪ್ರಾಮಾಣಿಕವಾದ ಉದ್ದೇಶವಿರಬೇಕು, ವಸ್ತುವು ಚರಸ್ವತ್ತಾಗಿರಬೇಕು, ಅದು ಇನ್ನೊಬ್ಬನ ಸ್ವಾಧೀನದಲ್ಲಿರಬೇಕು, ಅವನ ಸಮ್ಮತಿ ಇರಬಾರದು, ಒಯ್ಯುವುದಕ್ಕಾಗಿ ವಸ್ತುವನ್ನು ಕದಲಿಸಿರಬೇಕು.

ಇವನ್ನು ಹೊಲದ ಬದುವಿನ ಮೇಲಿನ ಬೇವಿನ ಮರಕ್ಕೆ ಅನ್ವಯಿಸಿ ನೋಡಬೇಕು. ಬೇರೂರಿ ನಿಂತಿರುವವರೆಗೆ ಮರವು ಭೂಮಿಗೆ ಸೇರಿದ್ದು, ಚರವಸ್ತುವಲ್ಲ. ಆದ್ದರಿಂದ ನಿಂತ ಮರದ ಕಳ್ಳತನವೆಂಬುದಿಲ್ಲ. ಒಯ್ಯುವ ದುರುದ್ದೇಶದಿಂದ ಕಡಿದು ಕೆಡವಿದೊಡನೆ ಅದು ಚರವಸ್ತುವಾಗುತ್ತದೆ, ಕಳ್ಳತನವೂ ಆಗುತ್ತದೆ. ಇನ್ನೊಂದು ಉದಾಹರಣೆಯೂ ಮನನೀಯವಾಗಿದೆ. ಒಬ್ಬನು ತನ್ನ ಕೈಗಡಿಯಾರವನ್ನು ಒತ್ತೆಯಿಟ್ಟು ಸಾಲ ಪಡೆದು, ಸಾಲ ತೀರಿಸದೆಯೇ ಸಾಲಿಗನ ಮನೆಯಿಂದ ಅವನಿಗೆ ತಿಳಿಯದಂತೆ ಗಡಿಯಾರವನ್ನು ದುರುದ್ದೇಶದಿಂದ ತೆಗೆದುಕೊಂಡು ಹೋದನೆಂದು ಭಾವಿಸೋಣ. ಗಡಿಯಾರ ಅವನದೇ, ಆದರೂ ಅದು ಕಳ್ಳತನ. ಏಕೆಂದರೆ ಕಲಮಿನಲ್ಲಿರುವ ಪದವು 'ಸ್ವಾಧೀನ'ವೇ ಹೊರತು 'ಮಾಲಿಕತ್ವ'ವಲ್ಲ. ಒಂದು ಪದದ ಮೇಲೆ ಒಬ್ಬನ ಬಿಡುಗಡೆಯೋ ಬಂಧನವೋ ನಿಂತಿರುವುದನ್ನು ವಿದ್ಯಾರ್ಥಿಯು ಇಲ್ಲಿ ಕಂಡುಕೊಳ್ಳುತ್ತಾನೆ. ವಾರಕ್ಕೊಂದು ಕಲಮನ್ನು ಹೀಗೆ ಬಿಡಿಸಿ, ಪ್ರತಿಯೊಂದು ಅಂಶಕ್ಕೂ ತನ್ನ ಊರಿನದೇ ಉದಾಹರಣೆಯನ್ನು ಕಲ್ಪಿಸಿ ಬರೆಯುವವನು ಕಾನೂನು ಮಹಾವಿದ್ಯಾಲಯದ ಮೊದಲ ದಿನ ಅಪರಿಚಿತನಂತೆ ಕುಳಿತುಕೊಳ್ಳುವುದಿಲ್ಲ.

ಪುಸ್ತಕ ಕೊಳ್ಳುವವರು ಗಮನಿಸಬೇಕಾದ ಮಾತೊಂದಿದೆ. 1860ರ ಭಾರತೀಯ ದಂಡ ಸಂಹಿತೆ, 1973ರ ದಂಡ ಪ್ರಕ್ರಿಯಾ ಸಂಹಿತೆ, 1872ರ ಸಾಕ್ಷ್ಯ ಅಧಿನಿಯಮ, ಈ ಮೂರರ ಸ್ಥಾನದಲ್ಲಿಯೂ 2024ರ ಜುಲೈ 1ರಿಂದ ಹೊಸ ಕಾಯಿದೆಗಳು ಬಂದಿವೆ. ದಂಡ ಸಂಹಿತೆಯಲ್ಲಿ 511 ಕಲಮುಗಳಿದ್ದರೆ ನ್ಯಾಯ ಸಂಹಿತೆಯಲ್ಲಿ 358 ಇವೆ. ಹಿರಿಯ ವಿದ್ಯಾರ್ಥಿಗಳಿಂದ ಅರ್ಧ ಬೆಲೆಗೆ ಕೊಂಡ ಹಳೆಯ ಪುಸ್ತಕವು ತತ್ತ್ವವನ್ನು ಕಲಿಸಬಲ್ಲದು. ಆದರೆ ಅದರಲ್ಲಿಯ ಕಲಮಿನ ಸಂಖ್ಯೆಯನ್ನು ನಂಬಿ ಪರೀಕ್ಷೆಗೆ ಹೋಗುವುದು ಅಪಾಯಕರ.

ತೀರ್ಪನ್ನು ಓದುವ ಕ್ರಮ

ತೀರ್ಪನ್ನು ಓದುವಾಗ ನಾಲ್ಕು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದಿರಬೇಕು. ನಡೆದುದೇನು? ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಯಾವುದು? ಅದು ಕೊಟ್ಟ ಉತ್ತರವೇನು? ಆ ಉತ್ತರಕ್ಕೆ ಕಾರಣವೇನು? ಕನ್ನಡಿಗರೆಲ್ಲ ಹೆಸರು ಕೇಳಿರುವ ಎಸ್. ಆರ್. ಬೊಮ್ಮಾಯಿ ಪ್ರಕರಣದಿಂದ ಈ ಕ್ರಮವನ್ನು ಕಲಿಯಬಹುದು.

ನಡೆದುದು ಇಷ್ಟು: 1989ರ ಏಪ್ರಿಲ್‌ನಲ್ಲಿ ಬೊಮ್ಮಾಯಿಯವರು ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದಾಗ, 19 ಮಂದಿ ಶಾಸಕರು ಬೆಂಬಲವನ್ನು ಹಿಂತೆಗೆದುಕೊಂಡರೆಂಬ ಪತ್ರಗಳು ರಾಜ್ಯಪಾಲರಿಗೆ ತಲುಪಿದವು. ಅವರಲ್ಲಿ 7 ಮಂದಿ ಮರುದಿನವೇ ತಮ್ಮ ಬೆಂಬಲವು ಸರ್ಕಾರಕ್ಕೇ ಇದೆಯೆಂದು ತಿಳಿಸಿದರು. ಸದನದಲ್ಲಿ ಬಹುಮತವನ್ನು ತೋರಿಸಲು ಸಿದ್ಧವೆಂದು ಮುಖ್ಯಮಂತ್ರಿಗಳು ಹೇಳಿದರೂ, ರಾಜ್ಯಪಾಲರ ವರದಿಯ ಮೇಲೆ ಏಪ್ರಿಲ್ 21ರಂದು ಸಂವಿಧಾನದ 356ನೆಯ ಅನುಚ್ಛೇದದಂತೆ ರಾಷ್ಟ್ರಪತಿಗಳ ಆಳ್ವಿಕೆಯು ಘೋಷಿತವಾಗಿ ವಿಧಾನಸಭೆಯು ವಿಸರ್ಜನೆಗೊಂಡಿತು. ಇಲ್ಲಿ ಪ್ರಶ್ನೆ ಎರಡು: ಅಂಥ ಘೋಷಣೆಯನ್ನು ನ್ಯಾಯಾಲಯವು ಪರಿಶೀಲಿಸಬಹುದೆ? ಬಹುಮತದ ಪರೀಕ್ಷೆ ಎಲ್ಲಿ ನಡೆಯಬೇಕು? ಒಂಬತ್ತು ನ್ಯಾಯಮೂರ್ತಿಗಳ ಪೀಠವು 1994ರ ಮಾರ್ಚ್ 11ರಂದು ಉತ್ತರವಿತ್ತಿತು: ಘೋಷಣೆಯು ನ್ಯಾಯಿಕ ಪರಿಶೀಲನೆಗೆ ಅತೀತವಲ್ಲ, ಬಹುಮತವು ಪರೀಕ್ಷಿತವಾಗಬೇಕಾದ ಸ್ಥಳವು ಸದನವೇ ಹೊರತು ರಾಜಭವನವಲ್ಲ. ಕಾರಣ ಸ್ಪಷ್ಟವಾಗಿದೆ. ಜನರು ಆರಿಸಿದ ಸರ್ಕಾರದ ಅಳಿವು ಉಳಿವುಗಳು ಒಬ್ಬ ವ್ಯಕ್ತಿಯ ಖಾಸಗಿ ಅಭಿಪ್ರಾಯಕ್ಕೆ ಒಳಪಟ್ಟರೆ ಸಂಯುಕ್ತ ವ್ಯವಸ್ಥೆಯೂ ಪ್ರಜಾಪ್ರಭುತ್ವವೂ ಉಳಿಯಲಾರವು.

ಇಷ್ಟನ್ನು ಒಂದು ಪುಟದಲ್ಲಿ ಬರೆಯಲು ಬಂದರೆ ವಿದ್ಯಾರ್ಥಿಯು ತೀರ್ಪನ್ನು ಓದಲು ಕಲಿತನೆಂದು ತಿಳಿಯಬಹುದು. ಆ ಪುಟದಲ್ಲಿ ತನ್ನ ಮೆಚ್ಚಿಗೆಯನ್ನಾಗಲಿ ಅಸಮಾಧಾನವನ್ನಾಗಲಿ ಬೆರೆಸಬಾರದು. ನಡೆದುದು ಬೇರೆ, ತನಗೆ ಅನಿಸಿದುದು ಬೇರೆ ಎಂಬ ವಿವೇಕವೇ ಕಾನೂನಿನ ಓದಿನ ಮೊದಲ ಪಾಠ. ತೀರ್ಪುಗಳು ಈಗ ದುರ್ಲಭವೂ ಅಲ್ಲ. 2023ರಿಂದ ಸರ್ವೋಚ್ಚ ನ್ಯಾಯಾಲಯವು ತನ್ನ ಅಧಿಕೃತ ತೀರ್ಪು ವರದಿಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿದೆ. ಆಯ್ದ ತೀರ್ಪುಗಳ ಕನ್ನಡ ಅನುವಾದವೂ ಲಭ್ಯವಿದೆ.

ಕನ್ನಡವೋ ಇಂಗ್ಲಿಷೋ?

ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಯ ಮನಸ್ಸಿನಲ್ಲಿರುವ ದೊಡ್ಡ ಭಯವು ಭಾಷೆಯದು. ಈ ಭಯವನ್ನು ಅಲ್ಲಗಳೆಯುವುದೂ ತಪ್ಪು, ಬೆಳೆಸುವುದೂ ತಪ್ಪು. ಸಂವಿಧಾನದ 348ನೆಯ ಅನುಚ್ಛೇದದಂತೆ ಸರ್ವೋಚ್ಚ ಹಾಗೂ ಉಚ್ಚ ನ್ಯಾಯಾಲಯಗಳ ವ್ಯವಹಾರವು ಮುಖ್ಯವಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಪ್ರಮುಖ ಗ್ರಂಥಗಳೂ ವರದಿಗಳೂ ಆ ಭಾಷೆಯಲ್ಲಿವೆ. ಆದರೆ ರಾಜ್ಯದ ಕೆಳಹಂತದ ನ್ಯಾಯಾಲಯಗಳಲ್ಲಿ ಕನ್ನಡಕ್ಕೆ ಪೂರ್ಣ ಅವಕಾಶವಿದೆ. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿಯೂ ಉತ್ತರಗಳನ್ನು ಸಂಪೂರ್ಣವಾಗಿ ಇಂಗ್ಲಿಷಿನಲ್ಲಾಗಲಿ ಸಂಪೂರ್ಣವಾಗಿ ಕನ್ನಡದಲ್ಲಾಗಲಿ ಬರೆಯಲು ಎಡೆಯುಂಟು.

ಸಾಕ್ಷಿಯ ಕಟಕಟೆಯಲ್ಲಿ ನಿಂತ ಮುದುಕಿಯು ತನ್ನೂರಿನ ಮಾತಿನಲ್ಲಿ 'ಹೊತ್ತು ಮುಳುಗೂ ವ್ಯಾಳ್ಯಾ' ಎಂದಾಗ ಅದು ಎಷ್ಟು ಗಂಟೆಯೆಂಬುದನ್ನು ಅರಿಯಲು ಇಂಗ್ಲಿಷಿನ ಪ್ರಭುತ್ವವು ಸಾಲದು. ಆ ಮಾತನ್ನು ಉಚ್ಚ ನ್ಯಾಯಾಲಯದ ಅಪೀಲಿನಲ್ಲಿ ಅರ್ಥ ಕೆಡದಂತೆ ಇಂಗ್ಲಿಷಿಗೆ ತರಲು ಕನ್ನಡವೊಂದೇ ಸಾಲದು. ಎರಡು ಭಾಷೆಗಳ ನಡುವೆ ಸೇತುವೆಯಾಗಬಲ್ಲ ವಕೀಲನೇ ಈ ನಾಡಿಗೆ ಬೇಕಾದವನು. ಇದಕ್ಕೆ ಸಾಧನ ಸರಳವಾದುದು. ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯವನ್ನು ಓದಿ ಕನ್ನಡದಲ್ಲಿ ಹತ್ತು ಸಾಲುಗಳ ಸಾರಾಂಶ ಬರೆಯುವುದು. ದಿನಕ್ಕೊಂದು ಕನ್ನಡ ವರದಿಯನ್ನು ಓದಿ ಇಂಗ್ಲಿಷಿನಲ್ಲಿ ಐದು ಸಾಲು ಬರೆಯುವುದು. ಸಂವಿಧಾನದ ಕನ್ನಡ ಪಾಠವನ್ನೂ ಇಂಗ್ಲಿಷ್ ಪಾಠವನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡು ದಿನಕ್ಕೆರಡು ಅನುಚ್ಛೇದಗಳಂತೆ ಓದುತ್ತ ಹೋದರೆ ಒಂದು ವರ್ಷದೊಳಗಾಗಿ ಗ್ರಂಥವು ಮುಗಿಯುತ್ತದೆ. ಶಬ್ದಸಂಪತ್ತು ತಾನಾಗಿ ಬೆಳೆಯುತ್ತದೆ.

ಬರಹ, ಮಾತು, ಆಲಿಸುವಿಕೆ

ಚರ್ಚಾಸ್ಪರ್ಧೆಯಲ್ಲಿ ಗೆದ್ದವನೇ ಒಳ್ಳೆಯ ವಕೀಲನಾಗುವನೆಂಬ ನಂಬಿಕೆಯು ರೂಢಿಯಲ್ಲಿದೆ. ಮಾತುಗಾರಿಕೆಯು ಗುಣವೇ ಸರಿ. ಆದರೆ ವಕೀಲನ ಕೆಲಸದ ಬಹುಭಾಗವು ಬರಹದಲ್ಲಿದೆ. ದಾವೆಯೂ, ಕೈಫಿಯತ್ತೂ, ನೋಟೀಸೂ, ಕರಾರುಪತ್ರವೂ ಬರಹವೇ. ಆದ್ದರಿಂದ ಪದವಿ ವಿದ್ಯಾರ್ಥಿಯು ಕಾಲೇಜಿನ ಸಂಘದ ಸಭೆಗಳ ನಡವಳಿಕೆಯನ್ನು ಬರೆಯುವ ಹೊಣೆಯನ್ನು ತಾನಾಗಿ ವಹಿಸಿಕೊಳ್ಳಬೇಕು. ಊರಿನ ರಸ್ತೆಗೋ ಕುಡಿಯುವ ನೀರಿಗೋ ಮಂಜೂರಾದ ಹಣವೆಷ್ಟು, ವೆಚ್ಚವಾದುದೆಷ್ಟು ಎಂದು ಮಾಹಿತಿ ಹಕ್ಕು ಕಾಯಿದೆಯಂತೆ ಒಂದು ಅರ್ಜಿಯನ್ನು ಬರೆದು ನೋಡಬೇಕು. 2005ರ ಈ ಕಾಯಿದೆಯು ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಬರತಕ್ಕದ್ದೆಂದು ವಿಧಿಸಿದೆ. ಅರ್ಜಿಯಲ್ಲಿ ಕೇಳಿದ ಪ್ರಶ್ನೆಯು ಅಸ್ಪಷ್ಟವಾಗಿದ್ದರೆ ಉತ್ತರವೂ ಅಸ್ಪಷ್ಟವಾಗಿಯೇ ಬರುತ್ತದೆ; ಆಗ ವಿದ್ಯಾರ್ಥಿಯು ಬರಹದ ಬೆಲೆಯನ್ನು ಅನುಭವದಿಂದ ಅರಿಯುತ್ತಾನೆ.

ರಜೆಯ ದಿನಗಳಲ್ಲಿ ನ್ಯಾಯಾಲಯಕ್ಕೆ ಹೋಗಿ ಕುಳಿತುಕೊಳ್ಳುವುದೂ ಶಿಕ್ಷಣವೇ. ನ್ಯಾಯಾಲಯದ ವಿಚಾರಣೆಯು ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದದ್ದು. ಸ್ವಚ್ಛ ಉಡುಪಿನಲ್ಲಿ ಹೋಗಿ, ಕೈಫೋನನ್ನು ಮುಚ್ಚಿಟ್ಟು, ಹಿಂದಿನ ಸಾಲಿನಲ್ಲಿ ಸದ್ದಿಲ್ಲದೆ ಕುಳಿತು ನೋಡಬೇಕು. ಚಲನಚಿತ್ರದಲ್ಲಿ ಕಂಡ ಆರ್ಭಟವು ಅಲ್ಲಿ ಕಾಣಸಿಗದು. ಒಂದು ದಾಖಲೆಯನ್ನು ಗುರುತಿಸುವುದಕ್ಕಾಗಿ ಅರ್ಧ ಗಂಟೆ, ಒಂದು ತಾರೀಖಿಗಾಗಿ ಇಡೀ ಬೆಳಗು ಕಳೆಯುವುದನ್ನು ಕಂಡು, ಈ ವೃತ್ತಿಗೆ ಬೇಕಾದ ತಾಳ್ಮೆ ತನ್ನಲ್ಲಿದೆಯೆ ಎಂದು ವಿದ್ಯಾರ್ಥಿಯು ತನ್ನನ್ನೇ ಕೇಳಿಕೊಳ್ಳಬೇಕು. 'ಇಲ್ಲ' ಎಂಬ ಉತ್ತರ ಬಂದರೆ ಅದೂ ಲಾಭವೇ. ಮೂರು ವರ್ಷಗಳೂ ಪಾಲಕರ ದುಡ್ಡೂ ಉಳಿದಂತಾಯಿತು. ನ್ಯಾಯಾಲಯವು ದೂರವಿರುವವರು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠದ ವಿಚಾರಣೆಗಳನ್ನು ನೋಡಬಹುದು. 2022ರ ಸೆಪ್ಟೆಂಬರಿನಿಂದ ಅವು ನೇರವಾಗಿ ಪ್ರಸಾರವಾಗುತ್ತಿವೆ.

ಆಲಿಸುವ ಗುಣವನ್ನು ಕಲಿಸಬಲ್ಲ ಇನ್ನೊಂದು ಸ್ಥಳವು ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ಶಿಬಿರ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು ಮುಂತಾದವರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಶಿಬಿರದಲ್ಲಿ ಜನರು ತಮ್ಮ ಕಷ್ಟವನ್ನು ಹೇಳಿಕೊಳ್ಳುವಾಗ ಆರಂಭವನ್ನು ಕೊನೆಯಲ್ಲಿ, ಕೊನೆಯನ್ನು ಆರಂಭದಲ್ಲಿ ಹೇಳುತ್ತಾರೆ. ಅಳುವಿನ ನಡುವೆ ತಾರೀಖುಗಳು ತಪ್ಪುತ್ತವೆ. ಅದನ್ನು ಕೇಳಿ, ತಡೆಯದೆ, ಬೇಸರಿಸದೆ, ನಡೆದುದನ್ನು ಕ್ರಮವಾಗಿ ಬರೆದುಕೊಳ್ಳುವ ಕೌಶಲವು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ.

ಪ್ರವೇಶ ಪರೀಕ್ಷೆಗಳು

ಪಿ.ಯು.ಸಿ. ನಂತರದ ಐದು ವರ್ಷಗಳ ತರಗತಿಗಾಗಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟವು ಕ್ಲಾಟ್ ಪರೀಕ್ಷೆಯನ್ನು ನಡೆಸುತ್ತದೆ. 2023ರ ಡಿಸೆಂಬರಿನ ಪರೀಕ್ಷೆಯಿಂದ ಅದರಲ್ಲಿ 120 ನಿಮಿಷಗಳಿಗೆ 120 ಪ್ರಶ್ನೆಗಳಿವೆ. ಪ್ರತಿಯೊಂದು ತಪ್ಪು ಉತ್ತರಕ್ಕೂ ಕಾಲು ಅಂಕದ ಕಡಿತವಿದೆ. ಪ್ರಶ್ನೆಗಳು ಉದ್ದವಾದ ಗದ್ಯಭಾಗಗಳನ್ನು ಆಧರಿಸಿರುವುದರಿಂದ ಇದು ಬಹುಮಟ್ಟಿಗೆ ಓದುವ ಪರೀಕ್ಷೆಯೇ ಆಗಿದೆ. ತಮ್ಮ ತಂಗಿಯರಿಗೂ ತಮ್ಮಂದಿರಿಗೂ ಪದವಿ ವಿದ್ಯಾರ್ಥಿಗಳು ಈ ವಿಷಯವನ್ನು ಮುಂಚಿತವಾಗಿ ತಿಳಿಸುವುದು ಒಳ್ಳೆಯದು.

ಪದವೀಧರರಿಗಾಗಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು 2022ರಲ್ಲಿ ಮೂರು ವರ್ಷಗಳ ಎಲ್‌ಎಲ್.ಬಿ. ತರಗತಿಯನ್ನು ಆರಂಭಿಸಿತು. ಅದಕ್ಕೆ ಪ್ರತ್ಯೇಕವಾದ ಎನ್‌ಎಲ್‌ಎಸ್‌ಎಟಿ ಎಂಬ ಪರೀಕ್ಷೆಯಿದ್ದು, ಆಯ್ಕೆಯ ಪ್ರಶ್ನೆಗಳೊಂದಿಗೆ ವಿವರವಾಗಿ ಬರೆಯಬೇಕಾದ ಭಾಗವೂ ಇದೆ. ದೆಹಲಿ ವಿಶ್ವವಿದ್ಯಾಲಯದ ಮೂರು ವರ್ಷಗಳ ತರಗತಿಗೆ 2023ರಿಂದ ಸ್ನಾತಕೋತ್ತರ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಆಯ್ಕೆ ನಡೆಯುತ್ತಿದೆ. ಪುಣೆ, ಮುಂಬಯಿಗಳಿಗೆ ಹೋಗಬಯಸುವ ಗಡಿಭಾಗದ ವಿದ್ಯಾರ್ಥಿಗಳಿಗೆ ಮಹಾರಾಷ್ಟ್ರ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಿದೆ. ಈ ಪರೀಕ್ಷೆಗಳ ದಿನಾಂಕಗಳು ಪದವಿಯ ಕೊನೆಯ ವರ್ಷದಲ್ಲಿಯೇ ಬರುವುದರಿಂದ, ಫಲಿತಾಂಶ ಬಂದ ಮೇಲೆ ವಿಚಾರಿಸಿದರಾಯಿತೆಂದು ಕುಳಿತವನು ಒಂದು ವರ್ಷವನ್ನು ಕಳೆದುಕೊಳ್ಳುತ್ತಾನೆ.

ಹಣದ ಮಾತು, ಮುಂದಿನ ಮಾತು

ಸಾಮಾನ್ಯ ಕುಟುಂಬದ ಮಕ್ಕಳಿಗೆ ಹಣದ ವಿಚಾರವನ್ನು ಮುಚ್ಚಿಟ್ಟು ಉಪದೇಶ ಮಾಡುವುದು ನ್ಯಾಯವಲ್ಲ. ಕಾನೂನು ಪದವಿ ಮುಗಿದೊಡನೆ ಸಂಪಾದನೆ ಆರಂಭವಾಗುವುದು ವಿರಳ. ಹಿರಿಯ ವಕೀಲರ ಕಚೇರಿಯಲ್ಲಿ ಮೊದಲ ಕೆಲವು ವರ್ಷಗಳು ಕಲಿಯುವುದರಲ್ಲಿಯೇ ಕಳೆಯುತ್ತವೆ. ಪದವೀಧರನು ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಬೇಕು. ನ್ಯಾಯಾಧೀಶರಾಗಬಯಸುವವರು 2025ರ ಮೇ 20ರ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಗಮನಿಸಬೇಕು. ಕಿರಿಯ ಶ್ರೇಣಿಯ ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷಗಳ ವಕೀಲಿ ಅನುಭವವು ಅಗತ್ಯವೆಂದು ಅದು ವಿಧಿಸಿತು. ಹೀಗಾಗಿ ಓದಿನ ಮೂರು ವರ್ಷಗಳಿಗಲ್ಲದೆ, ಅನಂತರದ ಎರಡು ಮೂರು ವರ್ಷಗಳಿಗೂ ಮನೆಯವರೊಡನೆ ಕುಳಿತು ಲೆಕ್ಕ ಹಾಕಬೇಕು.

ಸಮಾಧಾನದ ಮಾತುಗಳೂ ಇವೆ. 2024ರ ಜುಲೈ 30ರಂದು ಸರ್ವೋಚ್ಚ ನ್ಯಾಯಾಲಯವು, ವಕೀಲರ ನೋಂದಣಿಗೆ ಕಾಯಿದೆಯಲ್ಲಿ ಹೇಳಿರುವ 750 ರೂಪಾಯಿಗಳಿಗಿಂತ, ಪರಿಶಿಷ್ಟ ಜಾತಿ ಪಂಗಡಗಳವರಿಂದ 125 ರೂಪಾಯಿಗಳಿಗಿಂತ ಹೆಚ್ಚಿನ ಶುಲ್ಕವನ್ನು ರಾಜ್ಯ ಪರಿಷತ್ತುಗಳು ಪಡೆಯಲಾಗದೆಂದು ತೀರ್ಪಿತ್ತಿತು. ಬಡ ವಿದ್ಯಾರ್ಥಿಗಳ ಹೆಗಲ ಮೇಲಿನ ಭಾರವು ಇದರಿಂದ ಹಗುರವಾಯಿತು. ವಿದ್ಯಾರ್ಥಿವೇತನಗಳ ಬಗೆಗೆ ಸಮಾಜ ಕಲ್ಯಾಣ ಹಾಗೂ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಕಚೇರಿಗಳಲ್ಲಿ ಸಕಾಲಕ್ಕೆ ವಿಚಾರಿಸಬೇಕು.

ಹೆಣ್ಣುಮಕ್ಕಳ ಪಾಲಕರಿಗೂ ಒಂದು ಮಾತು ಸಲ್ಲುತ್ತದೆ. ಸ್ತ್ರೀಯರು ವಕೀಲರಾಗಲು ಇದ್ದ ಅಡ್ಡಿಯನ್ನು 1923ರ ಕಾಯಿದೆಯೇ ತೊಡೆದುಹಾಕಿತು. ಶತಮಾನವೇ ಸಂದ ಮೇಲೂ 'ಹುಡುಗಿಗೆ ಕೋರ್ಟು ಕಚೇರಿ ಏಕೆ?' ಎಂಬ ಮಾತು ಮನೆಗಳಲ್ಲಿ ಕೇಳಿಬರುತ್ತಿದ್ದರೆ ಕಾಯಿದೆ ಮುಂದೆ ಹೋಗಿ ಮನಸ್ಸು ಹಿಂದೆ ಉಳಿದಂತಾಯಿತು. ಜೀವನಾಂಶಕ್ಕಾಗಿಯೋ ತವರಿನ ಆಸ್ತಿಯ ಪಾಲಿಗಾಗಿಯೋ ನ್ಯಾಯಾಲಯಕ್ಕೆ ಬಂದ ಹೆಣ್ಣುಮಗಳು ತನ್ನ ನೋವನ್ನು ಇನ್ನೊಬ್ಬ ಹೆಣ್ಣುಮಗಳ ಮುಂದೆ ಸಂಕೋಚವಿಲ್ಲದೆ ಹೇಳಿಕೊಳ್ಳಬಲ್ಲಳು.

ಮೂರು ವರ್ಷಗಳ ಯೋಜನೆ

ಹೇಳಿದುದೆಲ್ಲವನ್ನೂ ಪದವಿಯ ಮೂರು ವರ್ಷಗಳಿಗೆ ಹಂಚಿಕೊಂಡರೆ ಭಾರವೆನಿಸುವುದಿಲ್ಲ. ಮೊದಲನೆಯ ವರ್ಷ ಓದಿನ ವರ್ಷವಾಗಲಿ: ಸಂವಿಧಾನ, ದಿನಪತ್ರಿಕೆ, ಎರಡೂ ಭಾಷೆಗಳ ಸಾರಾಂಶಲೇಖನ. ಎರಡನೆಯ ವರ್ಷ ನೋಡುವ ಹಾಗೂ ಕೇಳುವ ವರ್ಷವಾಗಲಿ: ನ್ಯಾಯಾಲಯದ ಭೇಟಿ, ಕಾನೂನು ನೆರವಿನ ಶಿಬಿರ, ತಿಂಗಳಿಗೊಂದು ತೀರ್ಪಿನ ಒಂದು ಪುಟದ ಸಾರಾಂಶ. ಮೂರನೆಯ ವರ್ಷವು ಆಯ್ಕೆಯ ವರ್ಷ. ಎರಡು ಮೂರು ಮಹಾವಿದ್ಯಾಲಯಗಳಿಗೆ ಸ್ವತಃ ಹೋಗಿ ಗ್ರಂಥಾಲಯವು ಎಷ್ಟು ಗಂಟೆ ತೆರೆದಿರುತ್ತದೆ, ತರಗತಿಗಳು ಕ್ರಮವಾಗಿ ನಡೆಯುತ್ತವೆಯೆ, ಅಣಕು ನ್ಯಾಯಾಲಯದ ಅಭ್ಯಾಸವಿದೆಯೆ ಎಂದು ಅಲ್ಲಿನ ವಿದ್ಯಾರ್ಥಿಗಳನ್ನೇ ಕೇಳಬೇಕು. ಅಂಕಪಟ್ಟಿಗಳು, ವರ್ಗಾವಣೆ ಪತ್ರ, ಜಾತಿ ಹಾಗೂ ಆದಾಯ ಪ್ರಮಾಣಪತ್ರಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಹತ್ತನೆಯ ತರಗತಿಯ ಅಂಕಪಟ್ಟಿಯಿಂದ ಪದವಿಯ ಅಂಕಪಟ್ಟಿಯವರೆಗೆ ಹೆಸರಿನ ಅಕ್ಷರಗಳು ಒಂದೇ ರೀತಿಯಾಗಿವೆಯೆ ಎಂದು ನೋಡಿ, ತಪ್ಪಿದ್ದರೆ ಆಗಲೇ ತಿದ್ದಿಸಬೇಕು. ತನ್ನ ಕಾಗದಪತ್ರಗಳನ್ನೇ ಸರಿಯಾಗಿ ಇಟ್ಟುಕೊಳ್ಳಲಾರದವನು ನಾಳೆ ಕಕ್ಷಿದಾರನ ಕಾಗದಪತ್ರಗಳನ್ನು ಹೇಗೆ ಕಾಪಾಡಿಯಾನು?

ಕೊನೆಯದಾಗಿ ಹೇಳಬೇಕಾದುದು ಶೀಲದ ಮಾತು. ರೈತನು ವಸ್ತ್ರದ ಗಂಟನ್ನು ಬಿಚ್ಚಿ ಕಾಗದಗಳನ್ನು ಮುಂದಿಡುವಾಗ ಅವನು ಒಪ್ಪಿಸುತ್ತಿರುವುದು ಕಾಗದಗಳನ್ನಲ್ಲ, ತನ್ನ ನಂಬಿಕೆಯನ್ನು. 'ಈ ದಾವೆಯಲ್ಲಿ ನಿನಗೆ ಜಯವಿಲ್ಲ, ಅಣ್ಣನೊಡನೆ ಕುಳಿತು ರಾಜಿ ಮಾಡಿಕೋ' ಎಂದು, ಬರಬಹುದಾದ ಶುಲ್ಕವನ್ನು ಬಿಟ್ಟು ಹೇಳಬಲ್ಲ ಧೈರ್ಯವು ಪದವಿಪತ್ರದೊಂದಿಗೆ ಬರುವುದಿಲ್ಲ. ವಿದ್ಯಾರ್ಥಿದೆಸೆಯಲ್ಲಿ ಸಣ್ಣಪುಟ್ಟ ಸಂಗತಿಗಳಲ್ಲಿ ಸತ್ಯವನ್ನೇ ಹೇಳಿ ರೂಢಿಯಾದವನಿಗೆ ಮಾತ್ರ ಅದು ಬರುತ್ತದೆ. ಹಾಗೆ ರೂಢಿಯಾದ ತರುಣ ತರುಣಿಯರು ಈ ನಾಡಿನ ಹಳ್ಳಿಹಳ್ಳಿಗಳಿಂದ ಹೊರಟು ನ್ಯಾಯಾಲಯಗಳ ಮೆಟ್ಟಿಲನ್ನೇರಿದರೆ, ಆ ಮೆಟ್ಟಿಲ ಕೆಳಗೆ ಗಂಟು ಹಿಡಿದು ಕಾದು ನಿಂತವರ ಬಾಳು ಹಸನಾಗುವುದರಲ್ಲಿ ಸಂದೇಹವಿಲ್ಲ.